ಕಾಲೇಜು ಲೈಬ್ರರಿಯಲ್ಲಿ ಆಕರ ಹುಡುಕಿ, ತೂಗಿ, ಉಲ್ಲೇಖಿಸುವ ಬಗೆ: ಬೆಂಗಳೂರಿನ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

‘ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಸಾವಿರ ಕೆರೆಗಳಿದ್ದವು.’ ಕೆರೆಗಳ ಮೇಲಿನ ಪ್ರಾಜೆಕ್ಟ್ ವರದಿಗಳ ಮೊದಲ ಪುಟದಲ್ಲಿ ಈ ವಾಕ್ಯ ತಪ್ಪದೆ ಬಂದು ಕೂರುತ್ತದೆ. ವೈವಾದಲ್ಲಿ ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂದು ಕೇಳಿದರೆ ಬರುವ ಉತ್ತರವೂ ಒಂದೇ: ‘ನೆಟ್‌ನಲ್ಲಿತ್ತು ಸರ್.’ ಸಂಖ್ಯೆ ಸುಳ್ಳೇ ಆಗಿರಬೇಕೆಂದಿಲ್ಲ. ಅದು ಹುಟ್ಟಿದ ಜಾಗಕ್ಕೆ ಯಾರೂ ಹೋಗಿ ನೋಡಿರುವುದಿಲ್ಲ, ತೊಂದರೆ ಅದು. ಹಾಗೆ ಹೋಗಿ ನೋಡಲು ಬೇಕಾದ ಬಾಗಿಲುಗಳು ನಿಮ್ಮ ಕಾಲೇಜಿನ ಲೈಬ್ರರಿಯಲ್ಲೇ ಇವೆ. ನೀವು ಕಟ್ಟಿದ ಫೀಸಿನಲ್ಲಿ ಅದರ ಪಾಲೂ ಸೇರಿದೆ.

ಮಾದರಿಗೆ ಒಂದೇ ವಿಷಯ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ: ಬೆಂಗಳೂರಿನ ಕೆರೆಗಳು. ನಿಮ್ಮ ವಿಷಯ ಬೇರೆಯಾದರೂ ದಾರಿ ಇದೇ.

ಮೊದಲು ಪ್ರಶ್ನೆ, ಆಮೇಲೆ ಪದಪಟ್ಟಿ

‘ಬೆಂಗಳೂರಿನ ಕೆರೆಗಳು’ ಎಂಬುದು ವಿಷಯ, ಪ್ರಶ್ನೆಯಲ್ಲ. ವಿಷಯ ಹಿಡಿದು ಹುಡುಕಿದರೆ ಸಾವಿರಾರು ಫಲಿತಾಂಶ ಬರುತ್ತವೆ, ಯಾವುದನ್ನು ಓದಬೇಕೆಂದು ತಿಳಿಯುವುದಿಲ್ಲ. ಅದನ್ನು ಒಂದು ಜಾಗ, ಒಂದು ಕಾಲ, ಒಂದು ಸಂಬಂಧಕ್ಕೆ ಇಳಿಸಿ. ‘1970ರ ನಂತರ ಬೆಳ್ಳಂದೂರು ಕೆರೆಗೆ ಕೊಳಚೆ ನೀರು ಸೇರುವುದು ಹೆಚ್ಚಿದ್ದೇಕೆ?’ ಎಂದರೆ ಅದು ಪ್ರಶ್ನೆ. ಉತ್ತರಿಸಲು ಎಂಥ ಆಕರ ಬೇಕು ಎಂಬುದೂ ಅದರಲ್ಲೇ ಇದೆ: ನೀರಿನ ಗುಣಮಟ್ಟದ ಅಂಕಿಅಂಶ, ಒಳಚರಂಡಿಯ ಇತಿಹಾಸ, ಊರು ಬೆಳೆದ ನಕ್ಷೆ.

ಇನ್ನು ಪದಪಟ್ಟಿ. ಇದಕ್ಕೆ ಅರ್ಧ ಗಂಟೆ ಕೊಡಿ, ಹುಡುಕಾಟ ಕೈಕೊಡುವುದು ಸಾಮಾನ್ಯವಾಗಿ ಇಲ್ಲಿಯೇ. ಇಂದು ನಾವು ‘ಲೇಕ್’ ಎನ್ನುವುದನ್ನು ಬ್ರಿಟಿಷರ ಕಾಲದ ಗೆಜೆಟಿಯರ್‌ಗಳೂ ಮೈಸೂರು ಸರ್ಕಾರದ ಕಡತಗಳೂ ‘ಟ್ಯಾಂಕ್’ ಎಂದವು. ಸ್ಯಾಂಕಿ ಕೆರೆಗೆ ಇಂಗ್ಲಿಷಿನಲ್ಲಿ ಇಂದಿಗೂ ‘ಸ್ಯಾಂಕಿ ಟ್ಯಾಂಕ್’ ಎಂದೇ ಹೆಸರು. ‘ಲೇಕ್’ ಎಂದಷ್ಟೇ ಹುಡುಕಿದವರಿಗೆ ನೂರು ವರ್ಷದ ಬರವಣಿಗೆ ಕಾಣಿಸುವುದೇ ಇಲ್ಲ.

ಹೆಸರು ಬದಲಾದ ದಿನಾಂಕಗಳನ್ನೂ ಪಟ್ಟಿಯ ಪಕ್ಕದಲ್ಲಿ ಬರೆದುಕೊಳ್ಳಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ವರದಿಗಳೆಲ್ಲ ‘ಮೈಸೂರು ರಾಜ್ಯ’ದವು. ಇಂಗ್ಲಿಷಿನಲ್ಲಿ ‘ಬ್ಯಾಂಗಲೋರ್’ ಅಧಿಕೃತವಾಗಿ ‘ಬೆಂಗಳೂರು’ ಆದದ್ದು 2014ರ ನವೆಂಬರ್ 1ರಂದು, ಆದ್ದರಿಂದ ಎರಡನ್ನೂ ಕೊಟ್ಟು ಹುಡುಕಬೇಕು. ಹಲಸೂರು ಹಳೆಯ ದಾಖಲೆಗಳಲ್ಲಿ ‘ಅಲ್ಸೂರ್’. ಕೆಲವು ಕೆರೆಗಳಂತೂ ಹೆಸರಿನ ಜೊತೆಗೆ ತಾವೇ ಇಲ್ಲವಾಗಿವೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ.

ಪಟ್ಟಿ ಆದಮೇಲೆ ಪದಗಳನ್ನು ಕೂಡಿಸುವ ಕ್ರಮ ಹೀಗೆ: ಒಂದೇ ಅರ್ಥದ ಪದಗಳ ನಡುವೆ ‘ಆರ್’, ಬೇರೆ ಬೇರೆ ಅರ್ಥದ ಗುಂಪುಗಳ ನಡುವೆ ‘ಆಂಡ್’. ಎರಡನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಟೈಪ್ ಮಾಡಿ, ಪ್ರತಿ ಗುಂಪಿಗೂ ಆವರಣ ಹಾಕಿ:

(ಲೇಕ್ ಆರ್ ಟ್ಯಾಂಕ್ ಆರ್ ಕೆರೆ) ಆಂಡ್ (ಬ್ಯಾಂಗಲೋರ್ ಆರ್ ಬೆಂಗಳೂರು) ಆಂಡ್ (ಸೀವೇಜ್ ಆರ್ ಪೊಲ್ಯೂಷನ್)

ಆವರಣ ಮರೆತರೆ ಕಂಪ್ಯೂಟರ್ ತನಗೆ ತೋಚಿದಂತೆ ಗುಂಪು ಕಟ್ಟಿ ಪ್ರಪಂಚದ ಕೆರೆಗಳನ್ನೆಲ್ಲ ತಂದು ಸುರಿಯುತ್ತದೆ. ಎರಡು ಪದದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಬೇಡದ್ದನ್ನು ತೆಗೆಯುವ ‘ನಾಟ್’ ಕೈಗೆತ್ತಿಕೊಳ್ಳುವ ಮುನ್ನ ಎರಡು ಸಲ ಯೋಚಿಸಿ. ‘ಟ್ಯಾಂಕ್’ ಎಂದಾಗ ಸೆಪ್ಟಿಕ್ ಟ್ಯಾಂಕ್‌ಗಳ ಲೇಖನ ಬರುತ್ತವೆಂದು ‘ನಾಟ್ ಸೆಪ್ಟಿಕ್’ ಹಾಕಿದಿರೆನ್ನಿ, ಕೆರೆಗೆ ಸೇರುವ ಕೊಳಚೆಯ ಬಗ್ಗೆ ನಿಮಗೆ ಬೇಕಿದ್ದ ಲೇಖನವೂ ಜೊತೆಗೇ ಹೊರಟುಹೋಗುತ್ತದೆ.

ಓಪ್ಯಾಕ್‌ನಿಂದ ಕಪಾಟಿಗೆ

ಓಪ್ಯಾಕ್ ಎಂದರೆ ಲೈಬ್ರರಿಯ ಕಂಪ್ಯೂಟರ್ ಸೂಚಿ. ಅದನ್ನು ನಡೆಸುವ ಸಾಫ್ಟ್‌ವೇರ್ ನಿಮ್ಮ ಕಾಲೇಜಿನಲ್ಲಿ ಕೋಹಾ ಇರಬಹುದು, ಇ-ಗ್ರಂಥಾಲಯ ಇರಬಹುದು, ಇಲ್ಲವೇ ಸೋಲ್ ಇರಬಹುದು. ಪರದೆ ಬೇರೆಯಾದರೂ ಹುಡುಕುವ ಕ್ರಮ ಒಂದೇ.

ಮೊದಲ ಹುಡುಕಾಟವನ್ನು ‘ಶೀರ್ಷಿಕೆ’ಯಲ್ಲಿ ಮಾಡಿ, ಉಪಯೋಗಕ್ಕೆ ಬರುವ ಒಂದು ಪುಸ್ತಕ ಸಿಕ್ಕರೆ ಸಾಕು. ಅದರ ವಿವರ ತೆರೆದು ‘ವಿಷಯ ಶೀರ್ಷಿಕೆ’ ಎಂಬ ಸಾಲನ್ನು ನೋಡಿ. ಸೂಚಿ ತಯಾರಿಸಿದವರು ಆ ವಿಷಯಕ್ಕೆ ಕೊಟ್ಟ ಹೆಸರು ಅಲ್ಲಿರುತ್ತದೆ. ಅದರ ಮೇಲೆ ಒತ್ತಿದರೆ ಶೀರ್ಷಿಕೆಯಲ್ಲಿ ‘ಕೆರೆ’ ಎಂಬ ಪದವೇ ಇಲ್ಲದ ಪುಸ್ತಕಗಳೂ ಒಂದು ಕಡೆ ಸೇರುತ್ತವೆ.

ಕನ್ನಡ ಪುಸ್ತಕಗಳಿಗೆ ಇಲ್ಲೊಂದು ವಿಶೇಷ ಪಾಡಿದೆ. ಕೆಲವು ಲೈಬ್ರರಿಗಳು ಕನ್ನಡ ಶೀರ್ಷಿಕೆಗಳನ್ನು ಯುನಿಕೋಡ್ ಕನ್ನಡದಲ್ಲಿ ನಮೂದಿಸಿವೆ, ಕೆಲವು ಇಂಗ್ಲಿಷ್ ಅಕ್ಷರದಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ದೀರ್ಘಕ್ಕೆ ಒಬ್ಬರು ಎರಡು ‘ಎ’ ಹಾಕುತ್ತಾರೆ, ಇನ್ನೊಬ್ಬರು ಒಂದೇ. ‘ಇತಿಹಾಸ’ ಎಂಬ ಪದಕ್ಕೇ ನಾಲ್ಕು ಕಾಗುಣಿತ ಸಿಕ್ಕರೆ ಅಚ್ಚರಿಪಡಬೇಡಿ. ಪದದ ಮೊದಲ ನಾಲ್ಕೈದು ಅಕ್ಷರ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಅದೂ ಫಲಿಸದಿದ್ದರೆ ಲೇಖಕರ ಹೆಸರಿನಿಂದ ಹೋಗಿ. ಕುವೆಂಪು ಅವರ ಪುಸ್ತಕಗಳು ಒಂದೇ ಸೂಚಿಯಲ್ಲಿ ‘ಕುವೆಂಪು’ ಎಂದೂ ‘ಪುಟ್ಟಪ್ಪ, ಕೆ. ವಿ.’ ಎಂದೂ ಎರಡು ಕಡೆ ಹಂಚಿಹೋಗಿರಬಹುದು.

ಪುಸ್ತಕ ಸಿಕ್ಕಿತು, ಕರೆ ಸಂಖ್ಯೆ ಬರೆದುಕೊಂಡಿರಿ. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಜೋಡಣೆ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿದೆ. ಮೆಲ್ವಿಲ್ ಡ್ಯೂಯಿ ಇದನ್ನು 1876ರಲ್ಲಿ ಪ್ರಕಟಿಸಿದರು. ಕೊಲನ್ ವರ್ಗೀಕರಣ ರೂಪಿಸಿದ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ, ಆದರೂ ನಮ್ಮ ಕಪಾಟುಗಳನ್ನು ಆಳುತ್ತಿರುವವರು ಡ್ಯೂಯಿ. ಕಪಾಟಿನ ಮುಂದೆ ಹೆಚ್ಚಿನವರು ಮಾಡುವ ತಪ್ಪೆಂದರೆ ಬಿಂದುವಿನ ಆಚೆಯ ಅಂಕಿಗಳನ್ನು ಪೂರ್ಣಸಂಖ್ಯೆಯಂತೆ ಓದುವುದು. 628.16 ಬರುವುದು 628.3ಕ್ಕಿಂತ ಮೊದಲು. ‘ಹದಿನಾರು ದೊಡ್ಡದಲ್ಲವೇ’ ಎಂದು ಮುಂದಕ್ಕೆ ಹೋದವರಿಗೆ ಪುಸ್ತಕ ಸಿಗುವುದಿಲ್ಲ. ಸಂಖ್ಯೆಯ ಕೆಳಗಿನ ಮೂರಕ್ಷರ ಸಾಮಾನ್ಯವಾಗಿ ಲೇಖಕರ ಹೆಸರಿನ ಮೊದಲ ಅಕ್ಷರಗಳು.

ಕೆರೆಯಂಥ ವಿಷಯ ಒಂದೇ ಕಪಾಟಿನಲ್ಲಿ ಕೂರುವುದಿಲ್ಲ ಎಂಬುದನ್ನೂ ನೆನಪಿಡಿ. ನೀರನ್ನು ಸಂಪನ್ಮೂಲವಾಗಿ ನೋಡುವ ಪುಸ್ತಕಗಳು 333.91ರಲ್ಲಿ, ಕೆರೆಯ ಜೀವಪರಿಸರ 577.63ರಲ್ಲಿ, ನೀರು ಸರಬರಾಜು ಮತ್ತು ಕೊಳಚೆಯ ಎಂಜಿನಿಯರಿಂಗ್ 628ರಲ್ಲಿ, ನಗರ ಯೋಜನೆ 711ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ. ಕೆರೆಯ ಸುತ್ತ ಹುಟ್ಟಿದ ಕಥೆ, ಕಾವ್ಯ ಬೇಕಿದ್ದರೆ ಕನ್ನಡ ಸಾಹಿತ್ಯದ 894.814ಕ್ಕೆ ಹೋಗಬೇಕು. ಈ ಎಲ್ಲ ಕಡೆ ನಿಂತು, ನಿಮ್ಮ ಪುಸ್ತಕದ ಎಡಬಲದಲ್ಲಿರುವ ಹತ್ತು ಹತ್ತು ಪುಸ್ತಕಗಳ ಬೆನ್ನು ಓದಿ. ಸೂಚಿಯಲ್ಲಿ ಕಾಣದೇ ಹೋದದ್ದು ಹೀಗೆ ಕಣ್ಣಿಗೆ ಬೀಳುವುದುಂಟು.

ಓಪ್ಯಾಕ್ ‘ಲಭ್ಯ’ ಎನ್ನುತ್ತದೆ, ಕಪಾಟಿನಲ್ಲಿ ಮಾತ್ರ ಇಲ್ಲ. ಹೀಗಾದರೆ ಮೊದಲು ಓದುವ ಮೇಜುಗಳನ್ನೂ ವಾಪಸಾದ ಪುಸ್ತಕಗಳ ಟ್ರಾಲಿಯನ್ನೂ ನೋಡಿ. ಆಮೇಲೆ ಪರಾಮರ್ಶನ ವಿಭಾಗ, ಬೈಂಡಿಂಗ್‌ಗೆ ಹೋದ ಪಟ್ಟಿ, ವಿಭಾಗೀಯ ಲೈಬ್ರರಿ. ಪರೀಕ್ಷೆ ಹತ್ತಿರವಿದ್ದರೆ ಬೇರೆ ಕಪಾಟಿನ ಹಿಂದುಗಡೆಯೂ ಒಮ್ಮೆ ಕೈಹಾಕಿ ನೋಡುವುದು ಒಳ್ಳೆಯದು, ತಮಗೇ ಸಿಗಲೆಂದು ಪುಸ್ತಕ ಅಡಗಿಸಿಡುವವರು ಎಲ್ಲ ಕಾಲೇಜಿನಲ್ಲೂ ಇದ್ದಾರೆ.

ಎನ್-ಲಿಸ್ಟ್: ಇದ್ದೂ ತೆರೆಯದ ಬಾಗಿಲು

ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್ ಯೋಜನೆಯ ಮೂಲಕ ಸದಸ್ಯ ಕಾಲೇಜುಗಳಿಗೆ 6,000ಕ್ಕೂ ಹೆಚ್ಚು ಇ-ಜರ್ನಲ್‌ಗಳೂ ಲಕ್ಷಗಟ್ಟಲೆ ಇ-ಪುಸ್ತಕಗಳೂ ಸಿಗುತ್ತವೆ. ಲೈಬ್ರರಿಯನ್ ಬಳಿ ಹೋಗಿ ‘ನಮ್ಮ ಕಾಲೇಜಿಗೆ ಎನ್-ಲಿಸ್ಟ್ ಇದೆಯಾ ಮೇಡಂ? ನನಗೊಂದು ಐಡಿ ಮಾಡಿಕೊಡಿ’ ಎಂದು ಕೇಳಿ. ಹೆಸರು, ರಿಜಿಸ್ಟರ್ ನಂಬರ್, ಇಮೇಲ್ ಕೊಟ್ಟರೆ ಅವರು ಸೇರಿಸುತ್ತಾರೆ, ಪಾಸ್‌ವರ್ಡ್ ಇಮೇಲ್‌ಗೆ ಬರುತ್ತದೆ. ಬರದಿದ್ದರೆ ಸ್ಪ್ಯಾಮ್ ಪೆಟ್ಟಿಗೆ ನೋಡಿ.

ಐಡಿ ಇದ್ದೂ ‘ಲೇಖನ ಓದಲು ದುಡ್ಡು ಕೇಳ್ತಿದೆ’ ಎಂಬ ದೂರು ಬರುವುದಕ್ಕೆ ಮುಖ್ಯ ಕಾರಣ ಒಂದೇ. ವಿದ್ಯಾರ್ಥಿ ಗೂಗಲ್‌ನಲ್ಲಿ ಲೇಖನ ಹುಡುಕಿ ನೇರವಾಗಿ ಪ್ರಕಾಶಕರ ತಾಣಕ್ಕೆ ಹೋಗಿರುತ್ತಾನೆ. ನಿಮ್ಮ ಕಾಲೇಜು ಯಾವುದೆಂದು ಆ ತಾಣಕ್ಕೆ ಗೊತ್ತಿಲ್ಲ. ಮೊದಲು ಎನ್-ಲಿಸ್ಟ್‌ಗೆ ಲಾಗಿನ್ ಆಗಬೇಕು, ಅಲ್ಲಿರುವ ಪಟ್ಟಿಯಿಂದಲೇ ಪ್ರಕಾಶಕರ ಕೊಂಡಿ ಒತ್ತಬೇಕು, ಒಳಗೆ ಹೋದಮೇಲೆ ಲೇಖನದ ಹೆಸರು ಹಾಕಬೇಕು. ಮನೆಯಿಂದಲೂ ಇದು ನಡೆಯುತ್ತದೆ. ಕಾಲೇಜು ತಾನೇ ಚಂದಾ ಕಟ್ಟಿ ತರಿಸುವ ಕೆಲವು ಡೇಟಾಬೇಸ್‌ಗಳ ಕಥೆ ಬೇರೆ. ಅವು ಕ್ಯಾಂಪಸ್ ವೈಫೈನಲ್ಲಿ ಮಾತ್ರ ತೆರೆಯುತ್ತವೆ, ಮೊಬೈಲ್ ಡೇಟಾಗೆ ಬದಲಿಸಿದ ಕೂಡಲೇ ಮುಚ್ಚಿಕೊಳ್ಳುತ್ತವೆ.

ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಇನ್ನೊಂದು ಬಾಗಿಲೂ ಉಂಟು. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಕೇಂದ್ರ, ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಸಂಸ್ಥೆಗಳಿಗೆ ಇದು ಅನ್ವಯ. ವೈದ್ಯಕೀಯ ವಿದ್ಯಾರ್ಥಿಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಬಗ್ಗೆ, ಎಂಜಿನಿಯರಿಂಗ್‌ನವರು ವಿಟಿಯು ಕನ್ಸಾರ್ಷಿಯಂ ಬಗ್ಗೆ ತಮ್ಮ ಲೈಬ್ರರಿಯಲ್ಲಿ ವಿಚಾರಿಸಿ.

ಯಾವ ಐಡಿಯೂ ಇಲ್ಲದಿದ್ದರೂ ಕೆಲವು ಬಾಗಿಲು ತೆರೆದೇ ಇವೆ. ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ, ಕನ್ನಡದಲ್ಲಿ ಬರೆದವೂ ಸೇರಿ. ಐಐಟಿ ಖರಗಪುರದವರು ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಉಚಿತ. ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ಮಾಡಿಕೊಂಡರೆ ತಿಂಗಳಿಗೆ 100 ಲೇಖನಗಳವರೆಗೆ ಪರದೆಯ ಮೇಲೆ ಓದಬಹುದು. ಗೂಗಲ್ ಸ್ಕಾಲರ್‌ನಲ್ಲಿ ಹೆಚ್ಚಿಗೆ ನೋಡಬೇಕಾದ್ದು ಲೇಖನದ ಕೆಳಗಿನ ‘ಸೈಟೆಡ್ ಬೈ’ ಸಾಲನ್ನು. 2014ರಲ್ಲಿ ಬಂದ ಲೇಖನವನ್ನು ಆಮೇಲೆ ಯಾರು ಒಪ್ಪಿದರು, ಯಾರು ತಿದ್ದಿದರು ಎಂಬುದೆಲ್ಲ ಅದರ ಹಿಂದೆ ಸಾಲುಗಟ್ಟಿರುತ್ತದೆ.

ಶೋಧಗಂಗಾದ ಒಂದು ಉಪಯೋಗ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ವಿಷಯಕ್ಕೆ ಹತ್ತಿರದ ಪ್ರಬಂಧವೊಂದನ್ನು ತೆರೆದು ಕೊನೆಯ ಗ್ರಂಥಋಣದ ಕಡತವನ್ನಷ್ಟೇ ಇಳಿಸಿಕೊಳ್ಳಿ. ಯಾರೋ ನಾಲ್ಕೈದು ವರ್ಷ ಅಲೆದು ಕೂಡಿಸಿದ ಪಟ್ಟಿ ಹತ್ತು ನಿಮಿಷದಲ್ಲಿ ನಿಮ್ಮ ಮುಂದಿರುತ್ತದೆ. ಪಟ್ಟಿಯನ್ನು ನಕಲು ಮಾಡಲು ಹೋಗಬೇಡಿ, ಅದರಲ್ಲಿರುವ ಪುಸ್ತಕಗಳನ್ನು ಹುಡುಕಿ ಓದಿ.

ಕನ್ನಡ ಪಿಡಿಎಫ್‌ಗಳ ಒಳಗೆ ಹುಡುಕಿದರೆ ಏನೂ ಬಾರದಿರುವುದಕ್ಕೂ ಕಾರಣವಿದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ತಯಾರಾದ ಕಡತಗಳು ಕಣ್ಣಿಗೆ ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಒಂದು ಸಾಲು ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆ ಬರುತ್ತದೆ. ಅಂಥ ಕಡತದಲ್ಲಿ ‘ಕೆರೆ’ ಎಂದು ಹುಡುಕಿ ‘ಇಲ್ಲ’ ಎಂದು ಬಂದರೆ ನಂಬಬೇಡಿ, ಪರಿವಿಡಿ ನೋಡಿಕೊಂಡು ಪುಟ ತಿರುವಿ.

ಕಾಲೇಜಿನಲ್ಲಿ ಇಲ್ಲದ್ದಕ್ಕೆ ಊರಿನಲ್ಲಿ ಎಲ್ಲಿ

ಬೆಂಗಳೂರಿನ ವಿದ್ಯಾರ್ಥಿಗಿರುವ ಅನುಕೂಲ ಬೇರೆ ಊರಿನವರಿಗೆ ಸಿಗುವುದು ಕಷ್ಟ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಇತಿಹಾಸ, ಶಾಸನ, ಹಳೆಯ ಜರ್ನಲ್‌ಗಳಿಗೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, 1909ರಲ್ಲಿ ಶುರುವಾದದ್ದು. ಸಮಾಜವಿಜ್ಞಾನ, ಅರ್ಥಶಾಸ್ತ್ರ, ಜನಗಣತಿ, ಸರ್ಕಾರಿ ವರದಿಗಳಿಗೆ ನಾಗರಬಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ). ಕನ್ನಡದ ಹಳೆಯ ಪುಸ್ತಕ, ಪತ್ರಿಕೆಗಳಿಗೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು. ಮೈಸೂರು ಸರ್ಕಾರದ ಮೂಲ ಕಡತಗಳೇ ಬೇಕೆಂದರೆ ರಾಜ್ಯ ಪತ್ರಾಗಾರ. ಕೆರೆಗಳ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ತಾಂತ್ರಿಕ ವರದಿಗಳು ಅಂತರ್ಜಾಲದಲ್ಲೇ ಸಿಗುತ್ತವೆ.

ಹೋಗುವ ಮೊದಲು ಫೋನ್ ಮಾಡಿ ಸಮಯ, ನಿಯಮ ಕೇಳಿಕೊಳ್ಳಿ. ನಿಮ್ಮ ಲೈಬ್ರರಿಯನ್ ಅಥವಾ ಪ್ರಾಂಶುಪಾಲರ ಸಹಿ, ಮೊಹರು ಇರುವ ಪರಿಚಯ ಪತ್ರ, ಕಾಲೇಜಿನ ಗುರುತಿನ ಚೀಟಿ, ಅದರ ಒಂದು ಜೆರಾಕ್ಸ್ ಒಯ್ಯಿರಿ. ಪತ್ರದಲ್ಲಿ ವಿಷಯ ಸ್ಪಷ್ಟವಾಗಿರಲಿ. ಬೇಕಾದ ಪುಸ್ತಕಗಳ ಹೆಸರನ್ನು ಮನೆಯಲ್ಲೇ ಬರೆದುಕೊಂಡು ಹೋದರೆ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ನಾಗರಬಾವಿಗೆ ಎರಡು ಸಲ ಬಸ್ಸು ಹತ್ತಬೇಕು. ನಿಮ್ಮ ಕಾಲೇಜು ಡೆಲ್ನೆಟ್ ಎಂಬ ಲೈಬ್ರರಿಗಳ ಜಾಲದ ಸದಸ್ಯನಾಗಿದ್ದರೆ ಹೊರಗಿನ ಲೈಬ್ರರಿಯ ಪುಸ್ತಕವನ್ನೋ ಲೇಖನದ ಪ್ರತಿಯನ್ನೋ ತರಿಸಿಕೊಡುತ್ತಾರೆ, ಆದರೆ ದಿನ ಹಿಡಿಯುತ್ತದೆ. ಸಲ್ಲಿಸುವ ಹಿಂದಿನ ವಾರ ಕೇಳಿ ಫಲವಿಲ್ಲ.

ಆಕರವನ್ನು ತೂಗುವುದು

ಈಗ ಆ ಸಾವಿರ ಕೆರೆಗೆ ಬರೋಣ. ಇನ್ನೊಂದು ಕಡೆ 262 ಎಂಬ ಸಂಖ್ಯೆಯೂ ಅಷ್ಟೇ ಧೈರ್ಯದಿಂದ ಓಡಾಡುತ್ತಿದೆ. ಯಾವುದು ಸರಿ? ಹಾಗೆ ಕೇಳುವ ಮೊದಲು ಕೇಳಬೇಕಾದ ಮೂರು ಮಾತುಗಳಿವೆ. ಯಾವ ಗಡಿಯೊಳಗೆ ಎಣಿಸಿದ್ದು, ಯಾವ ವರ್ಷ ಎಣಿಸಿದ್ದು, ಕೆರೆ ಎಂದರೆ ಏನೆಂದು ಹಿಡಿದದ್ದು? 2007ರಲ್ಲಿ ಬಿಬಿಎಂಪಿ ಹುಟ್ಟುವ ಮೊದಲು ಪಾಲಿಕೆಯ ವ್ಯಾಪ್ತಿ ಸುಮಾರು 226 ಚದರ ಕಿಲೋಮೀಟರ್, ಆಮೇಲೆ 700 ದಾಟಿತು. ಹಳೆಯ ಗಡಿಯ ಎಣಿಕೆಯನ್ನು ಹೊಸ ಗಡಿಯ ಎಣಿಕೆಯ ಪಕ್ಕದಲ್ಲಿಟ್ಟರೆ ಕೆರೆಗಳು ಹೆಚ್ಚಾದಂತೆಯೂ ತೋರಿಸಬಹುದು. ಇಡೀ ಜಿಲ್ಲೆಯ ಎಣಿಕೆಯನ್ನು ಊರಿನ ಎಣಿಕೆಯೊಡನೆ ಇಟ್ಟರೆ ಮಾಯವಾದಂತೆಯೂ ತೋರಿಸಬಹುದು. ಈ ಮೂರಕ್ಕೂ ಉತ್ತರ ಕೊಡದ ಬರಹದ ಸಂಖ್ಯೆಯನ್ನು ಬಳಸಬೇಡಿ.

ಸಂಖ್ಯೆಯನ್ನು ಹಿಂಬಾಲಿಸುವ ಕ್ರಮ ಸರಳ. ಪತ್ರಿಕಾ ವರದಿಯಲ್ಲಿ ಕಂಡರೆ ಅದು ಯಾರನ್ನು ಉಲ್ಲೇಖಿಸಿದೆ ನೋಡಿ. ಆ ಲೇಖನ ತೆರೆದು, ಅದರ ಅಡಿಟಿಪ್ಪಣಿಗೆ ಹೋಗಿ. ಕೆರೆಗಳ ವಿಷಯದಲ್ಲಿ ಈ ಜಾಡು ಅನೇಕ ಸಲ 1980ರ ದಶಕದ ಲಕ್ಷ್ಮಣರಾವ್ ಸಮಿತಿಯ ವರದಿಗೋ, ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗೋ, ಯಾವುದೋ ಇಲಾಖೆಯ ಪಟ್ಟಿಗೋ ಮುಟ್ಟುತ್ತದೆ. ಮೂರು ಹೆಜ್ಜೆಯೊಳಗೆ ಮೂಲ ಸಿಗದಿದ್ದರೆ ಅಥವಾ ಇಬ್ಬರು ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡು ಸುತ್ತುತ್ತಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಪತ್ರಿಕೆಗಳ ಬಗ್ಗೆ ಒಂದು ಎಚ್ಚರಿಕೆ. ಒಂದೇ ಪಿಟಿಐ ಸುದ್ದಿ ನಾಲ್ಕು ಪತ್ರಿಕೆಗಳಲ್ಲಿ ಬಂದರೆ ಅದು ಒಂದು ಆಕರ, ನಾಲ್ಕಲ್ಲ. ವರದಿಯ ಮೊದಲ ಸಾಲಿನಲ್ಲಿ ಏಜೆನ್ಸಿಯ ಹೆಸರಿದೆಯೇ ನೋಡಿಕೊಳ್ಳಿ. ಬೆಳ್ಳಂದೂರಿನಲ್ಲಿ ನೊರೆ ಎದ್ದ ದಿನ ಯಾವುದು ಎನ್ನುವುದಕ್ಕೆ ಪತ್ರಿಕೆ ಒಳ್ಳೆಯ ಆಕರ. ನೊರೆ ಏಕೆ ಎದ್ದಿತು ಎನ್ನುವುದಕ್ಕೆ ನೀರಿನ ರಾಸಾಯನಿಕ ಪರೀಕ್ಷೆ ಮಾಡಿದ ವರದಿ ಬೇಕು. ಒಂದೇ ಆಕರ ಒಂದು ಪ್ರಶ್ನೆಗೆ ಗಟ್ಟಿ, ಇನ್ನೊಂದಕ್ಕೆ ಪೊಳ್ಳು.

ಜರ್ನಲ್‌ಗಳನ್ನು ತೂಗುವುದು ಈಚೆಗೆ ಕಷ್ಟವಾಗಿದೆ. ಒಪ್ಪಬಹುದಾದ ಜರ್ನಲ್‌ಗಳೆಂದು ಯುಜಿಸಿ ಮಾಡಿದ್ದ ‘ಕೇರ್’ ಪಟ್ಟಿಯಲ್ಲಿದ್ದರೆ ಸಾಕು ಎನ್ನುತ್ತಿದ್ದ ಕಾಲ ಹೋಯಿತು, ಯುಜಿಸಿ ಅದನ್ನು 2025ರಲ್ಲಿ ಕೈಬಿಟ್ಟಿತು. ‘ಯುಜಿಸಿ ಅನುಮೋದಿತ’ ಎಂದು ಇಂದಿಗೂ ದೊಡ್ಡಕ್ಷರದಲ್ಲಿ ಹಾಕಿಕೊಂಡಿರುವ ಜರ್ನಲ್‌ನ ಮೇಲೆ ಅದಕ್ಕೇ ಅನುಮಾನ ಬರಬೇಕು. ಐಎಸ್ಎಸ್ಎನ್ ಪ್ರತಿ ಜರ್ನಲ್‌ಗೂ ಕೊಡುವ ಎಂಟಂಕಿಯ ಸಂಖ್ಯೆ, ಅದನ್ನು ಐಎಸ್ಎಸ್ಎನ್ ಪೋರ್ಟಲ್‌ನಲ್ಲಿ ಹಾಕಿ ಜರ್ನಲ್‌ನ ಹೆಸರು ಹೊಂದುತ್ತದೆಯೇ ನೋಡಿ. ಆದರೆ ಐಎಸ್ಎಸ್ಎನ್ ಗುರುತಿನ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ, ಕನ್ನಡ ಸಾಹಿತ್ಯದಿಂದ ಹೃದ್ರೋಗದವರೆಗೆ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ಹಾಕುವ, ಮುಖಪುಟದಲ್ಲೇ ಶುಲ್ಕ ಪಾವತಿಯ ಕ್ಯೂಆರ್ ಕೋಡ್ ಇಟ್ಟಿರುವ ಜರ್ನಲ್ ಇದ್ದರೆ ಅದನ್ನು ಮುಚ್ಚಿ. ತಜ್ಞರ ಪರಿಶೀಲನೆಗೆ ಒಳಗಾದ, ಉಚಿತವಾಗಿ ಓದಬಹುದಾದ ಜರ್ನಲ್ ಬೇಕಾದರೆ ಡೋಜ್ (ಡಿಒಎಜೆ) ಪಟ್ಟಿ ನೋಡಬಹುದು.

ಎಐ ಚಾಟ್‌ಬಾಟ್ ಕೊಟ್ಟ ಆಕರಗಳ ಪಟ್ಟಿಯನ್ನು ಒಂದೊಂದಾಗಿ ಪರೀಕ್ಷಿಸದೆ ವರದಿಯಲ್ಲಿ ಹಾಕಲೇಬೇಡಿ. ಲೇಖಕರು ನಿಜ, ಜರ್ನಲ್ ನಿಜ, ಲೇಖನ ಮಾತ್ರ ಹುಟ್ಟಿಯೇ ಇಲ್ಲ ಎನ್ನುವಂಥ ಪಟ್ಟಿಗಳು ಬರುತ್ತವೆ. ಡಿಒಐ ಎಂಬುದು ಪ್ರಕಟವಾದ ಲೇಖನಕ್ಕೆ ಕೊಡುವ, 10 ಎಂಬ ಅಂಕಿಯಿಂದ ಶುರುವಾಗುವ ಗುರುತು. ಅದನ್ನು ಡಿಒಐ ತಾಣದಲ್ಲಿ ಹಾಕಿದಾಗ ಬೇರೆ ಲೇಖನ ತೆರೆದರೆ ಅಥವಾ ಏನೂ ತೆರೆಯದಿದ್ದರೆ ಆ ಆಕರವನ್ನು ಪಟ್ಟಿಯಿಂದ ತೆಗೆಯಿರಿ. ತೆರೆದ ಲೇಖನದ ಮೇಲೆ ‘ರಿಟ್ರ್ಯಾಕ್ಟೆಡ್’ ಎಂದಿದೆಯೇ ಅದನ್ನೂ ನೋಡಿ, ಹಾಗಿದ್ದರೆ ಪ್ರಕಾಶಕರೇ ಹಿಂದಕ್ಕೆ ತೆಗೆದುಕೊಂಡಿದ್ದಾರೆ ಎಂದರ್ಥ.

ಪುಸ್ತಕ ಕೈಯಲ್ಲಿರುವಾಗಲೇ ಬರೆದುಕೊಳ್ಳಿ

ಉಲ್ಲೇಖದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಬರೆಯುವಾಗಲ್ಲ, ಓದುವಾಗ. ಪುಸ್ತಕ ತೆರೆದ ಕೂಡಲೇ ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ: ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ. ವರ್ಷ, ಮುದ್ರಣ, ಪ್ರಕಾಶಕರು, ಐಎಸ್‌ಬಿಎನ್ ಎಲ್ಲ ಹಿಂಬದಿಯಲ್ಲಿರುತ್ತವೆ. ಒಳಪುಟ ತೆಗೆಯುವಾಗ ಪುಟಸಂಖ್ಯೆ ಚೌಕಟ್ಟಿನೊಳಗೆ ಬರಲಿ. ಜೆರಾಕ್ಸ್ ಮಾಡಿಸಿದರೆ ಪ್ರತಿ ಹಾಳೆಯ ಮೂಲೆಯಲ್ಲಿ ಪುಸ್ತಕದ ಹೆಸರು ಬರೆಯಿರಿ. ಬೈಂಡ್ ಮಾಡಿದ ಜರ್ನಲ್ ಆದರೆ ಸಂಪುಟ, ಸಂಚಿಕೆ, ತಿಂಗಳು ಮೂರೂ ಬೇಕು. ಬೈಂಡಿಂಗ್‌ನಲ್ಲಿ ಮುಖಪುಟ ಕಿತ್ತಿದ್ದರೆ ಪುಟದ ತಲೆಯ ಮೇಲಿನ ಸಾಲಿನಲ್ಲಿ ಹುಡುಕಿ.

ಟಿಪ್ಪಣಿಯಲ್ಲಿ ಮೂರು ಬಗೆಯನ್ನು ಬೇರೆಯಾಗಿಡಿ. ಲೇಖಕರ ಮಾತನ್ನು ಇದ್ದಹಾಗೇ ತೆಗೆದದ್ದಕ್ಕೆ ಉದ್ಧರಣ ಚಿಹ್ನೆ ಮತ್ತು ಪುಟ, ನಿಮ್ಮ ಮಾತಿನಲ್ಲಿ ಸಂಗ್ರಹಿಸಿದ್ದಕ್ಕೆ ಪುಟ, ನಿಮ್ಮದೇ ಯೋಚನೆಗೆ ಪಕ್ಕದಲ್ಲೊಂದು ನಕ್ಷತ್ರ. ಹೀಗೆ ಮಾಡದಿದ್ದರೆ ತಿಂಗಳ ನಂತರ ಯಾವುದು ಯಾರದು ಎಂದು ನಿಮಗೇ ಗೊತ್ತಾಗುವುದಿಲ್ಲ.

ಜೊಟೆರೊ ಆಕರಗಳ ವಿವರ ಕೂಡಿಸಿಡುವ ಉಚಿತ ಸಾಧನ. ಐಎಸ್‌ಬಿಎನ್ ಅಥವಾ ಡಿಒಐ ಹಾಕಿದರೆ ಉಳಿದ ವಿವರ ತಾನೇ ತುಂಬಿಕೊಳ್ಳುತ್ತದೆ. ಕನ್ನಡ ಪುಸ್ತಕಗಳಲ್ಲಿ ಅನೇಕವು ಹೀಗೆ ಸಿಗುವುದಿಲ್ಲ, ಕೈಯಾರೆ ತುಂಬಬೇಕು. ಆಗ ‘ಕುವೆಂಪು’ ಎಂಬ ಒಂಟಿ ಹೆಸರನ್ನು ಎರಡು ಭಾಗದ ಚೌಕದಲ್ಲಿ ತುರುಕಬೇಡಿ, ಪಕ್ಕದ ಗುಂಡಿ ಒತ್ತಿ ಒಂದೇ ಚೌಕಕ್ಕೆ ಬದಲಿಸಿಕೊಳ್ಳಿ. ಉಚಿತ ಜಾಗ 300 ಎಂಬಿ ಮಾತ್ರ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಅದನ್ನು ಒಂದೇ ವಾರದಲ್ಲಿ ತುಂಬಬಲ್ಲವು. ಕಡತಗಳ ಸಿಂಕ್ ನಿಲ್ಲಿಸಿ ವಿವರಗಳನ್ನಷ್ಟೇ ಸಿಂಕ್ ಮಾಡಿದರೆ ಜಾಗದ ತಾಪತ್ರಯವಿಲ್ಲ.

ಉಲ್ಲೇಖಿಸುವುದು, ಅದರಲ್ಲೂ ನಮ್ಮ ಹೆಸರುಗಳನ್ನು

ಯಾವ ಶೈಲಿ ಎಂಬುದನ್ನು ನಿಮ್ಮ ಗೈಡ್ ಹೇಳಬೇಕು. ಸಮಾಜವಿಜ್ಞಾನಕ್ಕೆ ಸಾಮಾನ್ಯವಾಗಿ ಎಪಿಎ 7ನೇ ಆವೃತ್ತಿ, ಸಾಹಿತ್ಯಕ್ಕೆ ಎಂಎಲ್ಎ 9ನೇ ಆವೃತ್ತಿ, ಎಂಜಿನಿಯರಿಂಗ್‌ಗೆ ಐಟ್ರಿಪಲ್‌ಇ, ವೈದ್ಯಕೀಯಕ್ಕೆ ವ್ಯಾಂಕೂವರ್. ಒಂದೇ ಪುಸ್ತಕ ಎಪಿಎಯಲ್ಲಿ ಹೀಗೆ:

ನಾಗೇಂದ್ರ, ಎಚ್. (2016). ನೇಚರ್ ಇನ್ ದ ಸಿಟಿ: ಬೆಂಗಳೂರು ಇನ್ ದ ಪಾಸ್ಟ್, ಪ್ರೆಸೆಂಟ್, ಆಂಡ್ ಫ್ಯೂಚರ್. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್.

ಎಂಎಲ್ಎಯಲ್ಲಿ ‘ನಾಗೇಂದ್ರ, ಹರಿಣಿ’ ಎಂದು ಪೂರ್ತಿ ಹೆಸರು, ವರ್ಷ ಕೊನೆಗೆ. ಐಟ್ರಿಪಲ್‌ಇಯಲ್ಲಿ ಚೌಕಾವರಣದಲ್ಲಿ ಕ್ರಮಸಂಖ್ಯೆ, ಇನಿಷಿಯಲ್ ಮುಂದೆ. ಪ್ರಕಟವಾದ ಊರಿನ ಹೆಸರನ್ನು ಎಪಿಎ 7ನೇ ಆವೃತ್ತಿ ಕೈಬಿಟ್ಟಿದೆ, ಹಳೆಯ ವರದಿ ನೋಡಿ ನಕಲು ಮಾಡಿದವರು ಇನ್ನೂ ಬರೆಯುತ್ತಿದ್ದಾರೆ. ಇಂಗ್ಲಿಷ್ ಪುಸ್ತಕದ ಹೆಸರನ್ನು ನಿಮ್ಮ ವರದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಈಗಿನ ಕೆಲವು ಇ-ಜರ್ನಲ್‌ಗಳಲ್ಲಿ ಪುಟಸಂಖ್ಯೆಯೇ ಇರುವುದಿಲ್ಲ. ಅಲ್ಲಿ ಲೇಖನದ ಸಂಖ್ಯೆ ಕೊಡಬೇಕು, ಪಿಡಿಎಫ್‌ನ ಪುಟ ಎಣಿಸಿ ‘1ರಿಂದ 18’ ಎಂದು ಬರೆಯುವುದು ತಪ್ಪು.

ಶೈಲಿಗಳನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಮನೆತನದ ಹೆಸರಿರುವ ಜನ. ನಮ್ಮಲ್ಲಿ ಇನಿಷಿಯಲ್ ಊರಿನದು, ತಂದೆಯದು. ಡಿ. ವಿ. ಗುಂಡಪ್ಪ ಅವರ ‘ಡಿ’ ದೇವನಹಳ್ಳಿ, ‘ವಿ’ ವೆಂಕಟರಮಣಯ್ಯ. ಇಂಥ ಹೆಸರಿಗೆ ವ್ಯಕ್ತಿಯ ಸ್ವಂತ ಹೆಸರೇ ಮೊದಲ ಪದ: ಗುಂಡಪ್ಪ, ಡಿ. ವಿ. ಮನೆತನದ ಹೆಸರಿದ್ದರೆ ಅದೇ ಮೊದಲು: ಕಾರಂತ, ಶಿವರಾಮ. ಕಾವ್ಯನಾಮದಲ್ಲಿ ಪುಸ್ತಕ ಬಂದಿದ್ದರೆ ಶೀರ್ಷಿಕೆ ಪುಟದಲ್ಲಿರುವ ಕಾವ್ಯನಾಮವನ್ನೇ ಬಳಸಿ. ‘ಡಾ.’, ‘ಪ್ರೊ.’, ‘ಶ್ರೀಮತಿ’ ಯಾವುದೂ ಪಟ್ಟಿಯಲ್ಲಿ ಬರುವುದಿಲ್ಲ, ಗೈಡ್‌ನ ಪುಸ್ತಕವೇ ಆಗಿದ್ದರೂ.

ಕನ್ನಡದ ಆಕರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಒಂದು ಪಟ್ಟಿ, ಇಂಗ್ಲಿಷಿನವನ್ನು ಇನ್ನೊಂದು ಪಟ್ಟಿ ಮಾಡುವುದು ನಮ್ಮ ಕನ್ನಡ ವಿಭಾಗಗಳಲ್ಲಿ ರೂಢಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ವರ್ಡ್‌ನ ಸಾರ್ಟ್ ಆಯ್ಕೆ ಬಹುಮಟ್ಟಿಗೆ ಸರಿಯಾದ ಕ್ರಮ ಕೊಡುತ್ತದೆ, ಹಳೆಯ ನುಡಿ ಅಕ್ಷರಶೈಲಿಯಲ್ಲಿ ಮಾಡಿದರೆ ಕಲಸುಮೇಲೋಗರ. ಮರುಮುದ್ರಣದ ಪುಸ್ತಕಕ್ಕೆ ನೀವು ಹಿಡಿದ ಪ್ರತಿಯ ವರ್ಷ ಕೊಡಿ, ಮೊದಲ ಮುದ್ರಣದ ವರ್ಷ ಬೇರೆಯಾಗಿ ತಿಳಿಸಿ. ಏಕೆಂದರೆ ಪುಟಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ.

ಶಾಸನ ಬಳಸುವವರಿಗೆ ಒಂದು ಮಾತು. ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಆವೃತ್ತಿಯಲ್ಲಿ ಬೆಂಗಳೂರು ಜಿಲ್ಲೆ 9ನೇ ಸಂಪುಟ, ಅದು ಬಂದದ್ದು 1905ರಲ್ಲಿ. ಪರಿಷ್ಕೃತ ಆವೃತ್ತಿಯ ಸಂಪುಟಸಂಖ್ಯೆಗಳು ಹಳೆಯದಕ್ಕೆ ಹೊಂದುವುದಿಲ್ಲ. ಸಂಪುಟ, ತಾಲ್ಲೂಕು, ಶಾಸನಸಂಖ್ಯೆಯ ಜೊತೆ ಯಾವ ಆವೃತ್ತಿ ಎಂದು ಬರೆಯದಿದ್ದರೆ ನಿಮ್ಮ ಉಲ್ಲೇಖ ಹಿಡಿದು ಹೋದವರು ಬೇರೆ ಜಿಲ್ಲೆಗೆ ತಲುಪುತ್ತಾರೆ.

ಸರ್ಕಾರಿ ವರದಿಗಳಿಗೆ ಸಂಸ್ಥೆಯೇ ಲೇಖಕ, ಹೆಸರು ವರದಿ ಬಂದಾಗ ಇದ್ದಂತೆ. 2010ರ ವರದಿಗೆ ಬಿಬಿಎಂಪಿ ಎಂದೇ ಬರೆಯಬೇಕು. 2025ರಲ್ಲಿ ಅದು ಐದು ಪಾಲಿಕೆಗಳಾಯಿತೆಂದು ಹಳೆಯ ವರದಿಗೆ ಹೊಸ ಹೆಸರು ಹಚ್ಚಬಾರದು. ಲಕ್ಷ್ಮಣರಾವ್ ವರದಿಯನ್ನು ನೀವು ನೋಡಿಲ್ಲ, ಬೇರೆಯವರ ಲೇಖನದಲ್ಲಿ ಓದಿದ್ದೀರಿ ಎಂದಾದರೆ ವಾಕ್ಯದಲ್ಲಿ ಹಾಗೆಯೇ ಹೇಳಿ, ಪಟ್ಟಿಯಲ್ಲಿ ನೀವು ಓದಿದ ಲೇಖನವನ್ನು ಮಾತ್ರ ಹಾಕಿ.

ಸಲ್ಲಿಸುವ ಮುನ್ನ

ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿಯ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಸರಿಯಾಗಿ ಉಲ್ಲೇಖಿಸಿದ ಉದ್ಧರಣೆಗಳು, ಗ್ರಂಥಋಣ, ಪರಿವಿಡಿ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ಶೇ 22 ತೋರಿಸಿದ ತಕ್ಷಣ ಎದೆ ಒಡೆದುಕೊಳ್ಳಬೇಡಿ. ವರದಿ ತೆರೆದು ಯಾವ ಸಾಲುಗಳಿಗೆ ಬಣ್ಣ ಬಂದಿದೆ ಎಂದು ನೋಡಿ, ಗ್ರಂಥಋಣವನ್ನು ಹೊರಗಿಟ್ಟು ಮತ್ತೆ ಓಡಿಸಲು ಲೈಬ್ರರಿಯನ್‌ಗೆ ಹೇಳಿ.

ಇದರ ತಿರುವೂ ಇದೆ. ಇಂಗ್ಲಿಷ್ ಪ್ಯಾರಾವನ್ನು ಕನ್ನಡಕ್ಕೆ ಅನುವಾದಿಸಿ ಹೆಸರು ಹೇಳದೆ ಹಾಕಿದರೆ ಸಾಫ್ಟ್‌ವೇರ್‌ಗೆ ಕಾಣದಿರಬಹುದು, ಆದರೂ ಅದು ಕಳವೇ. ಮೂಲ ಓದಿರುವ ಪರೀಕ್ಷಕರಿಗೆ ಎರಡು ವಾಕ್ಯಗಳಲ್ಲಿ ಗೊತ್ತಾಗುತ್ತದೆ.

ಕೊನೆಯ ಕೆಲಸಕ್ಕೆ ಇಬ್ಬರು ಬೇಕು, ಒಂದು ಗಂಟೆ ಸಾಕು. ಮುದ್ರಿಸಿದ ವರದಿ ಹಿಡಿದು ಒಬ್ಬರು ಒಳಗಿನ ಪ್ರತಿ ಉಲ್ಲೇಖವನ್ನೂ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪಟ್ಟಿಯಲ್ಲಿ ಗುರುತು ಹಾಕಲಿ. ಒಳಗಿದ್ದು ಪಟ್ಟಿಯಲ್ಲಿಲ್ಲದ್ದನ್ನು ಸೇರಿಸಿ, ಪಟ್ಟಿಯಲ್ಲಿದ್ದು ಒಳಗೆ ಬಾರದ್ದನ್ನು ತೆಗೆಯಿರಿ. ಡಿಒಐಗಳನ್ನು ಒಂದೊಂದಾಗಿ ತೆರೆದು ನೋಡಿ. ಲೈಬ್ರರಿ ಪುಸ್ತಕಗಳನ್ನು ಮಾತ್ರ ವೈವಾ ಮುಗಿಯುವವರೆಗೆ ಹಿಂದಿರುಗಿಸಬೇಡಿ, ರಿನ್ಯೂ ಮಾಡಿಸಿ ಇಟ್ಟುಕೊಳ್ಳಿ. ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂದು ಕೇಳಿದಾಗ ಪುಟ ತೆರೆದು ಮೇಜಿನ ಮೇಲಿಡಬಹುದು. ನೋ ಡ್ಯೂ ಸಹಿ ಮಾರನೆಯ ದಿನ ಹಾಕಿಸಿಕೊಂಡರಾಯಿತು.